24 ಪೈಪ್ ಎತ್ತಿಸಿದ ಕಥೆ

ಹೋದ ವರ್ಷ ಏಪ್ರಿಲ್‌ನಲ್ಲಿ ಎಕ್ಸಾಂ ಡ್ಯೂಟಿ ಮುಗಿಸ್ಕೊಂಡು ನಾಲ್ಕು ದಿನ ಊರಿಗೆ ಹೋಗಿದ್ದೆ. ಊರು ಅಂದ್ರೆ ತಿಪಟೂರು ಕಡೆ, ತೆಂಗಿನ ತೋಟ, ಒಂದು ಬೋರ್‌ವೆಲ್, ಎರಡು ಹಸು, ಅಪ್ಪ ಅಮ್ಮ. ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ, ಅದನ್ನ ಈಗ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಕಥೇಲಿ ಎಲ್ರಿಗಿಂತ ಜಾಸ್ತಿ ಮರ್ಯಾದೆ ಹೋಗೋದು ನಂದೇ. ಅಪ್ಪಂಗೆ ಗೊತ್ತಿರ್ಲಿಲ್ಲ ಅನ್ಬೋದು, ಮೋಟರ್ ರಿಪೇರಿ ಅಣ್ಣಂಗೆ ಅವಸರ ಇತ್ತು ಅನ್ಬೋದು. ನಾನು ವರ್ಷಾ ವರ್ಷ ಬೋರ್ಡ್ ಮೇಲೆ ಬರ್ದು, ನೋಟ್ಸ್ ಕೊಟ್ಟು, ಇಂಟರ್ನಲ್ಸ್‌ಗೆ ಹತ್ತು ಮಾರ್ಕಿನ ಪ್ರಶ್ನೆ ಹಾಕೋ ವಿಷ್ಯ ಇದು.

ಆಗಿದ್ದಿಷ್ಟು. ನಾನು ಹೋದ ದಿನ ಬೆಳಗ್ಗೆಯಿಂದ್ಲೇ ತೊಟ್ಟಿಗೆ ನೀರಿಲ್ಲ. ನಮ್ಮ ಕಡೆ ಮೋಟರ್ ಓಡೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋದು ಹೆಚ್ಚಾಗಿ ರಾತ್ರಿ, ಸ್ಟಾರ್ಟರನ್ನ ಆಟೋಗೆ ಹಾಕಿ ಮಲ್ಗಿದ್ರೆ ಕರೆಂಟ್ ಬಂದಾಗ ಅದೇ ಓಡುತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ತೊಟ್ಟಿ ತುಂಬಿರುತ್ತೆ. ಅವತ್ತು ತೊಟ್ಟಿ ತಳದಲ್ಲಿ ಪಾಚಿ ಬಿಟ್ರೆ ಏನಿಲ್ಲ. ರಾತ್ರಿ ಹತ್ತು ಗಂಟೆಗೆ ಕರೆಂಟ್ ಬಂತು, ರಿಪೇರಿ ಅಣ್ಣ ಬೈಕಲ್ಲಿ ಬಂದ್ರು, ಸ್ಟಾರ್ಟರ್ ಡಬ್ಬದ ಮೀಟರಿಗೆ ಮೊಬೈಲ್ ಟಾರ್ಚ್ ಬಿಟ್ಕೊಂಡು ಆಂಪ್ಸ್ ನೋಡಿದ್ರು. "ಮೋಟರ್ ಲೋಡ್ ತಗೋತಾ ಐತೆ ಯಜಮಾನ್ರೆ, ನೀರು ಬರ್ತಿಲ್ಲ ಅಂದ್ರೆ ಇನ್ನೇನು, ಒಳಗಡೆ ಪೈಪು" ಅಂದ್ರು. ಅಪ್ಪ "ನಾನೂ ಅದೇ ಅಂದ್ಕೊಂಡೆ" ಅಂದ್ರು. ನಾನು ಕೂಡ ತಲೆ ಆಡಿಸ್ದೆ, ಅದ್ಯಾಕೋ ಗೊತ್ತಿಲ್ಲ, ನಂಗೆ ಆಂಪ್ಸ್ ಅಂದ್ರೆ ಏನು ಅಂತಾನೇ ಸರಿಯಾಗಿ ಗೊತ್ತಿಲ್ಲ.

ಅವರಿಬ್ರು ಹಾಗೆ ಅಂದ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ ನೋಡಿ. ಹಿಂದೆ ಎರಡು ಸಲ ಹೀಗೇ ಆಗಿತ್ತು, ಮೋಟರ್ ಓಡ್ತಿದೆ ನೀರಿಲ್ಲ ಅಂತ. ಮೊದಲ್ನೇ ಸಲ ಜಿಐ ಪೈಪ್ ತುಕ್ಕು ಹಿಡ್ದು ತೂತಾಗಿ ನೀರೆಲ್ಲ ಬೋರೊಳಗೇ ವಾಪಸ್ ಬೀಳ್ತಿತ್ತು, ಎರಡ್ನೇ ಸಲ ಪಂಪಿಗೂ ಮೋಟರಿಗೂ ಮಧ್ಯೆ ಇರೋ ಕಪ್ಲಿಂಗ್ ಹೋಗಿತ್ತು. ಎರಡು ಸಲಾನೂ ಕಾಯಿಲೆ ಬೋರಿನ ಒಳಗಡೆ, ಎರಡು ಸಲಾನೂ ಔಷಧಿ ಒಂದೇ, ಎತ್ಸೋದು. ಮೂರ್ನೇ ಸಲ ಯೋಚ್ನೆ ಮಾಡೋಕೆ ಏನಿದೆ, ಬೆಳಗ್ಗೆ ಪೈಪ್ ಎತ್ತೋ ಗಾಡಿಗೆ ಫೋನ್ ಹೋಯ್ತು.

ನಮ್ದು 480 ಅಡಿಗೆ ಇಳ್ಸಿರೋ ಮೋಟರು, ಒಂದೊಂದು ಪೈಪ್ 20 ಅಡಿ, ಅಂದ್ರೆ 24 ಪೈಪು. ಪೈಪ್ ಎತ್ತೋದನ್ನ ನೋಡಿಲ್ದೋರಿಗೆ ಹೇಳ್ತೀನಿ, ಅದೊಂದು ಜಾತ್ರೆ. ಗಾಡಿ ಹಿಂದಕ್ಕೆ ಬಂದು ಬೋರ್ ಮೇಲೆ ನಿಲ್ಬೇಕು, ಅದಕ್ಕೆ ದಾರಿ ಮಾಡೋಕೆ ಎರಡು ಬಾಳೆ ಗಿಡ ಕಡೀಬೇಕು, ಕ್ಲಾಂಪ್ ಹಾಕಿ ಒಂದು ಪೈಪ್ ಎಳೀಬೇಕು, ಇಬ್ರು ಸೇರಿ ಪೈಪ್ ರೆಂಚಲ್ಲಿ ತಿರುಗ್ಸಬೇಕು, ಸಾಕೆಟ್ ಬಿಡಲ್ಲ ಅಂದ್ರೆ ಸುತ್ತಿಗೇಲಿ ಕುಟ್ಟಬೇಕು, ಕೇಬಲ್ ಕಟ್ಟಿರೋ ಟ್ಯೂಬಿನ ಚೂರು ಬಿಚ್ಚಬೇಕು, ಆಮೇಲೆ ಪೈಪನ್ನ ಸಾಲಾಗಿ ನೆಲದ ಮೇಲೆ ಮಲಗ್ಸಬೇಕು. ಅಪ್ಪ ಒಂದೊಂದು ಪೈಪನ್ನೂ ಹಸು ಹಲ್ಲು ನೋಡೋ ಥರ ನೋಡ್ತಾ ಹೋದ್ರು. ಹತ್ತಾಯ್ತು, ತೂತಿಲ್ಲ. ಹದಿನೈದಾಯ್ತು, ಇಲ್ಲ. "ಕೆಳಗಿನ ಪೈಪಲ್ಲಿರುತ್ತೆ ಬಿಡಿ" ಅಂದ್ರು ರಿಪೇರಿ ಅಣ್ಣ. 24ನೇದೂ ಬಂತು, ಅದ್ರ ಬಾಲದಲ್ಲಿ ಮೋಟರೂ ಬಂತು, ಕಪ್ಲಿಂಗ್ ಗಟ್ಟಿಯಾಗಿತ್ತು, ಶಾಫ್ಟ್ ಸಲೀಸಾಗಿ ತಿರುಗ್ತಿತ್ತು. ಎಲ್ರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಪಂಪು ವೀಕಾಗಿರ್ಬೇಕು" ಅಂತ ಮೋಟರ್ ಪಂಪ್ ಎರಡನ್ನೂ ಲಗೇಜ್ ಆಟೋಗೆ ಹಾಕ್ಕೊಂಡು ಪೇಟೆಗೆ ಹೋದ್ರು, ಅಲ್ಲಿ ಟೆಸ್ಟ್ ಮಾಡಿ ಏನೂ ಆಗಿಲ್ಲ ಅಂದ್ರು, ಆದ್ರೂ ಬಂದ ತಪ್ಪಿಗೆ ಒಂದು ಬುಷ್ ಬದಲಾಯ್ಸಿ ಕಳಿಸಿದ್ರು.

ಈಗ ನಮ್ಮ ಕ್ಲಾಸಿಗೆ ಬನ್ನಿ, ಯಾಕಂದ್ರೆ ಆ ಪೈಪುಗಳ ಪಕ್ಕ ನಿಂತ್ಕೊಂಡಾಗ ನಂಗೆ ನೆನಪಾಗ್ಬೇಕಿತ್ತು, ಆಗ್ಲಿಲ್ಲ.

ಅಬ್ರಹಾಂ ಲೂಚಿನ್ಸ್ ಅಂತ ಒಬ್ರು 1942ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ, ನೀರಿನ ಜಾಡಿ ಲೆಕ್ಕ ಅಂತ ಹೇಳ್ಕೊಡ್ತೀನಿ. ಮೂರು ಪಾತ್ರೆ ಇದೆ, ಎಷ್ಟು ಹಿಡಿಯುತ್ತೆ ಅನ್ನೋದು ಗೊತ್ತು, ಅಳತೆ ಗೆರೆ ಇಲ್ಲ, ಸುರ್ದು ಸುರ್ದೇ ಬೇಕಾದಷ್ಟು ನೀರು ಅಳೀಬೇಕು. ನಾನು ಲೀಟರ್ ಅಂತ ಮಾಡ್ಕೊಂಡಿದೀನಿ. 21, 127, 3 ಲೀಟರಿನ ಮೂರು ಪಾತ್ರೆ, ಬೇಕಾಗಿರೋದು 100. ದೊಡ್ದನ್ನ ತುಂಬ್ಸು, ಅದ್ರಿಂದ 21ರದನ್ನ ಒಂದ್ಸಲ ತುಂಬ್ಕೋ, 3ರದನ್ನ ಎರಡ್ಸಲ, ಉಳಿಯೋದು 100. ಇದೇ ಥರದ್ದು ಇನ್ನೂ ನಾಲ್ಕು ಲೆಕ್ಕ ಕೊಡ್ತೀನಿ, ನಂಬರ್ ಬೇರೆ, ದಾರಿ ಅದೇ. ಐದ್ನೇ ಲೆಕ್ಕಕ್ಕೆ ಬರೋ ಹೊತ್ತಿಗೆ ಹುಡುಗ್ರ ಕೈ ತಾನೇ ಓಡ್ತಿರುತ್ತೆ. ಆಮೇಲೆ ಬೋರ್ಡ್ ಮೇಲೆ ಬರೀತೀನಿ, 23, 49, 3, ಬೇಕಾಗಿರೋದು 20. ಕ್ಲಾಸಿಗೆ ಕ್ಲಾಸೇ 49 ತುಂಬ್ಸಿ, 23 ತೆಗ್ದು, ಎರಡು ಮೂರ್ಲಿ ಆರು ತೆಗ್ದು, 20 ಮ್ಯಾಡಂ ಅಂತ ಕೂಗುತ್ತೆ. 23ರಲ್ಲಿ 3 ತೆಗದ್ರೆ 20 ಅಲ್ವೇನ್ರೋ ಅಂದಾಗ ಒಂದು ನಗು ಏಳುತ್ತೆ ನೋಡಿ, ಆ ನಗೂಗೋಸ್ಕರ ನಾನು ಈ ಪಾಠ ಮಾಡ್ತೀನಿ ಅಂದ್ರೂ ತಪ್ಪಿಲ್ಲ.

ಇನ್ನೂ ಮಜಾ ಅಂದ್ರೆ ಅದಾದ್ಮೇಲಿನ ಲೆಕ್ಕ, 28, 76, 3, ಬೇಕಾಗಿರೋದು 25. ಇಲ್ಲಿ ಹಳೇ ದಾರಿ ಹಿಡಿದ್ರೆ 42 ಬರುತ್ತೆ, ಅಂದ್ರೆ ಕೆಲ್ಸಾನೇ ಮಾಡಲ್ಲ. 28ರಲ್ಲಿ 3 ಕಳ್ಯೋದು ಎರಡ್ನೇ ಕ್ಲಾಸಿನ ಲೆಕ್ಕ. ಆದ್ರೂ ಪ್ರತಿ ವರ್ಷ ಒಂದಷ್ಟು ಜನ "ಇದು ತಪ್ಪು ಲೆಕ್ಕ ಮ್ಯಾಡಂ, ಬರಲ್ಲ" ಅಂತಾರೆ.

ಎರಡು ವರ್ಷದ ಹಿಂದೆ ಒಬ್ಳು ಹುಡುಗಿ ಬಸ್ ಮಿಸ್ಸಾಗಿ ಲೇಟಾಗಿ ಬಂದ್ಳು, ಅಷ್ಟೊತ್ತಿಗೆ ಐದು ಲೆಕ್ಕ ಮುಗ್ದಿತ್ತು, ಆರನೇದು ಬೋರ್ಡ್ ಮೇಲಿತ್ತು. ಬ್ಯಾಗ್ ಇನ್ನೂ ಹೆಗಲ ಮೇಲೇ ಇದೆ, ನಿಂತ್ಕೊಂಡೇ "23ರಲ್ಲಿ 3 ಹೋದ್ರೆ 20 ಅಲ್ವಾ ಮ್ಯಾಡಂ" ಅಂದ್ಳು. ಬೇರೆಯವ್ರೆಲ್ಲ ಅವಳನ್ನ ಏನೋ ದೊಡ್ಡ ಬುದ್ಧಿವಂತೆ ಅನ್ನೋ ಥರ ನೋಡಿದ್ರು. ಅವಳೇನು ಅಂಥ ಬುದ್ಧಿವಂತೆ ಅಲ್ಲ (ಅವಳಿಗೂ ಗೊತ್ತು, ಈಗ ಬಿ.ಎಡ್ ಮಾಡ್ತಿದ್ದಾಳೆ, ಇದನ್ನ ಓದಿ ನಗ್ತಾಳೆ), ಅವಳಿಗೆ ಮೊದಲ್ನೇ ಐದು ಲೆಕ್ಕ ಗೊತ್ತಿರ್ಲಿಲ್ಲ ಅಷ್ಟೇ. ಲೂಚಿನ್ಸ್ ಪ್ರಯೋಗದಲ್ಲೂ ಹಾಗೇ, ಮೊದಲ ಲೆಕ್ಕಗಳನ್ನ ಮಾಡದೇ ನೇರ ಇಲ್ಲಿಗೆ ಬಂದೋರಿಗೆ ಸುಲಭದ ದಾರಿ ಸುಲಭವಾಗೇ ಕಂಡಿದೆ. ಇದಕ್ಕೆ ಐನ್‌ಸ್ಟೆಲುಂಗ್ ಅಂತ ಜರ್ಮನ್ ಹೆಸ್ರು. ಒಂದು ಸಲ ಕೆಲ್ಸಕ್ಕೆ ಬಂದ ದಾರಿ ಮನಸ್ಸಲ್ಲಿ ಬಾಗ್ಲಿಗೆ ಅಡ್ಡ ಮಲಗಿದ ಎಮ್ಮೆ ಥರ ಬಿದ್ಕೊಂಡಿರುತ್ತೆ, ಬೇರೆ ಏನನ್ನೂ ಒಳಗೆ ಬಿಡಲ್ಲ. ಲೂಚಿನ್ಸ್ ಒಂದು ಗುಂಪಿಗೆ, ಕುರುಡಾಗ್ಬೇಡ ಅಂತ ಅವರವ್ರ ಹಾಳೆ ಮೇಲೇ ಬರ್ಕೊಳ್ಳೋಕೆ ಹೇಳಿದ್ರು. ಒಂದಷ್ಟು ಜನ ಎಚ್ಚೆತ್ಕೊಂಡ್ರು. ಎಲ್ರೂ ಅಲ್ಲ.

ಇದು ದಡ್ಡರಿಗೆ ಆಗೋದು, ಅನುಭವ ಇರೋರಿಗಲ್ಲ ಅಂತ ಯಾರಾದ್ರೂ ಅಂದ್ರೆ ಚೆಸ್ ಕಥೆ ಹೇಳ್ತೀನಿ. 2008ರಲ್ಲಿ ಬಿಲಾಲಿಚ್, ಮೆಕ್‌ಲಿಯಡ್, ಗೋಬೆ ಅನ್ನೋ ಮೂವರು ಪಳಗಿದ ಚೆಸ್ ಆಟಗಾರರಿಗೆ ಒಂದು ಬೋರ್ಡ್ ಕೊಟ್ರು. ಅದ್ರಲ್ಲಿ ಎಲ್ರಿಗೂ ಗೊತ್ತಿರೋ ಒಂದು ದಾರೀಲೂ ಗೆಲ್ಬೋದು, ಅದಕ್ಕಿಂತ ಚಿಕ್ಕ ದಾರೀಲೂ ಗೆಲ್ಬೋದು. ಅವ್ರಿಗೆ ಗೊತ್ತಿರೋ ದಾರಿ ತಕ್ಷಣ ಹೊಳೀತು. ಇದಕ್ಕಿಂತ ಚಿಕ್ಕದು ಇದ್ಯಾ ನೋಡಿ ಅಂದ್ರೆ "ಹುಡುಕ್ತಾ ಇದೀವಿ" ಅಂದ್ರು. ಅವ್ರ ಕಣ್ಣು ಎಲ್ಲಿ ಓಡಾಡ್ತಿದೆ ಅಂತ ಮಷೀನಲ್ಲಿ ಅಳೆದ್ರೆ, ಮೊದಲು ಹೊಳೆದ ದಾರಿಯ ಮನೆಗಳ ಮೇಲೇ ಸುತ್ತಾ ಇತ್ತು. ಅವ್ರು ಸುಳ್ಳು ಹೇಳ್ತಿರ್ಲಿಲ್ಲ, ನಿಜವಾಗ್ಲೂ ಹುಡುಕ್ತಿದೀವಿ ಅಂತಾನೇ ನಂಬಿದ್ರು. ನಮ್ಮ ರಿಪೇರಿ ಅಣ್ಣನೂ ಅಷ್ಟೇ, ಇಪ್ಪತ್ತು ವರ್ಷದಿಂದ ಇದೇ ಕೆಲ್ಸ. ಬೋರ್ ಬಾಯಲ್ಲಿ ಬೆಂಡಾದ್ಮೇಲೆ ಯೂನಿಯನ್ ಅಂತ ಬಿಚ್ಚಿ ಹಾಕೋ ಒಂದು ಜಾಯಿಂಟ್ ಇರುತ್ತೆ, ಅದನ್ನ ಬಿಚ್ಚಿ ಮೋಟರ್ ಹಾಕಿದ್ರೆ ನೀರು ಅಲ್ಲಿಯವರ್ಗೂ ಬರ್ತಿದ್ಯಾ ಇಲ್ವಾ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಬೇರೆಯವ್ರ ತೋಟದಲ್ಲಿ ಅವ್ರೇ ಎಷ್ಟೋ ಸಲ ಹಾಗೆ ಮಾಡಿದಾರೆ. ಅವತ್ತು ಮಾಡ್ಲಿಲ್ಲ. ಬೆಳಗ್ಗೆ ಪೈಪ್ ಎತ್ತೋಕೆ ಮುಂಚೆ ಆ ಯೂನಿಯನ್ ಬಿಚ್ಚಿದ್ದೂ ಅವ್ರೇ, ಆದ್ರೆ ಬೆಳಗ್ಗೆ ಕರೆಂಟ್ ಇರ್ಲಿಲ್ಲ, ಇದ್ದಿದ್ರೂ ಆನ್ ಮಾಡ್ತಿರ್ಲಿಲ್ಲ ಬಿಡಿ, ಗಾಡಿಯವ್ರು ಆಗ್ಲೇ ಕ್ಲಾಂಪ್ ಬಿಗೀತಿದ್ರು.

ಲಂಡನ್ನಿನ ಪೀಟರ್ ವೇಸನ್ ಅನ್ನೋರು 1960ರಲ್ಲಿ ಇದಕ್ಕೆ ಹತ್ರದ್ದೊಂದು ತೋರಿಸಿದ್ರು. 2, 4, 6 ಅಂತ ಮೂರು ನಂಬರ್ ಕೊಟ್ಟು, ಇದ್ರ ಹಿಂದೆ ಒಂದು ರೂಲ್ ಇದೆ, ನೀವು ಬೇರೆ ಮೂರು ಮೂರು ನಂಬರ್ ಹೇಳಿ, ರೂಲಿಗೆ ಕೂರುತ್ತಾ ಇಲ್ವಾ ಹೇಳ್ತೀನಿ, ರೂಲ್ ಕಂಡುಹಿಡೀರಿ ಅಂದ್ರು. ಜನ ಎರಡೆರಡು ಕೂಡ್ಕೊಂಡು ಹೋಗೋದು ಅಂತ ಮನಸ್ಸಲ್ಲೇ ಫಿಕ್ಸ್ ಮಾಡ್ಕೊಂಡು 8, 10, 12 ಹೇಳ್ತಾರೆ, ಹೌದು ಅಂತಾರೆ, 20, 22, 24, ಹೌದು. ಅವ್ರ ರೂಲ್ ಇದ್ದಿದ್ದು ಬರೀ ಏರಿಕೆ ಕ್ರಮ ಅಂತ, 1, 7, 90 ಅಂದಿದ್ರೂ ಹೌದೇ. 29 ಜನರಲ್ಲಿ ಮೊದಲ್ನೇ ಉತ್ತರಾನೇ ಸರಿ ಹೇಳಿದೋರು 6 ಜನ. ಇಲ್ಲ ಅನ್ನಿಸ್ಕೊಳ್ಳೋ ಪ್ರಶ್ನೆ ಕೇಳೋಕೆ ಮನಸ್ಸೇ ಬರಲ್ಲ ನಮ್ಗೆ. ಆಂಪ್ಸ್ ನೋಡಿದ್ದು 8, 10, 12. ಯೂನಿಯನ್ ಬಿಚ್ಚಿ ನೋಡೋದಿತ್ತಲ್ಲ, ಅದು 1, 7, 90.

ಸರಿ, ತೋಟಕ್ಕೆ ವಾಪಸ್ ಬರ್ತೀನಿ, ಅಸಲಿ ಕಥೆ ಈಗ. ಇದ್ರಲ್ಲಿ ಅಮ್ಮ ಇದಾರೆ, ಇಷ್ಟೊತ್ತು ನಾನೂ ಅವ್ರ ಹೆಸ್ರು ಎತ್ಲಿಲ್ಲ ನೋಡಿ.

ನಾನು ಹೋದ ಸಾಯಂಕಾಲಾನೇ, ರಿಪೇರಿ ಅಣ್ಣ ಇನ್ನೂ ಬಂದಿರ್ಲಿಲ್ಲ, ಅಮ್ಮ ಹಾಲು ಕರೀತಾ "ಕೆಳಗಿನ ಬದಿನ ಮೇಲೆ ಏನು ಹುಲ್ಲು ಬಂದೈತೆ ಅಂತೀಯ, ಕೆಂದಿ ಅಲ್ಲಿಂದ ಕದಲೋದೇ ಇಲ್ಲ" ಅಂದ್ರು. ಏಪ್ರಿಲ್ ತಿಂಗ್ಳು, ಒಂದು ಹನಿ ಮಳೆ ಆಗಿಲ್ಲ, ತೋಟದಲ್ಲಿ ಮಿಕ್ಕಿದ್ದೆಲ್ಲ ಹುಲ್ಲು ಒಣಗಿ ಪೊರಕೆ ಕಡ್ಡಿ ಥರ ಆಗಿದೆ. ನಾನು "ಹೌದಾ" ಅಂದೆ. ಅಪ್ಪ ಹೌದಾ ಅಂತಾನೂ ಅನ್ಲಿಲ್ಲ, ಫೋನಲ್ಲಿದ್ರು.

ಪೈಪ್ ಎಲ್ಲ ಎತ್ತಿ, ಪಂಪ್ ಟೆಸ್ಟ್ ಆಗಿ, ಮತ್ತೆ 24 ಪೈಪೂ ಇಳಿಸಿದ್ದು ಮೂರ್ನೇ ದಿನ ಸಾಯಂಕಾಲಕ್ಕೆ. ರಾತ್ರಿ ಕರೆಂಟ್ ಬಂತು, ಮೋಟರ್ ಹಾಕಿದ್ರು, ತೊಟ್ಟಿಗೆ ಒಂದು ಹನಿ ಇಲ್ಲ. ಅಪ್ಪ ಊಟಕ್ಕೆ ಕೂತ್ಕೊಂಡ್ರು, ಮುದ್ದೆ ಮುರೀತಾನೇ ಇಲ್ಲ. ಅಮ್ಮ ಸಾರು ಬಡಿಸ್ತಾ, ಯಾರಿಗೂ ಅಂತ ಅಲ್ಲ, "ಸಾಯಂಕಾಲ ಬದಿನ ಹತ್ರ ಹುಲ್ಲು ಕೊಯ್ಯಾಕೆ ಹೋಗಿದ್ದೆ, ಕಾಲು ಹೂತ್ಕೊಂತು, ಚಪ್ಲಿ ಕಿತ್ಕೊಳ್ಳೋದೇ ಒಂದು ಕೆಲ್ಸ ಆಯ್ತು" ಅಂದ್ರು. ಅಪ್ಪ "ಚಪ್ಲಿ ಚಪ್ಲಿ ಅಂತೀಯಲ್ಲ, ಇಲ್ಲಿ ಹದಿನೈದು ಸಾವಿರ ಹೋಗೈತೆ" ಅಂದ್ರು. ನಾನು ಚಪ್ಪಲಿ ತೊಳೆದ್ಯಾ ಅಂತ ಕೇಳ್ದೆ. ನಿಜವಾಗ್ಲೂ ಅದನ್ನೇ ಕೇಳ್ದೆ.

ಬೆಳಗಿನ ಜಾವ ನಾಲ್ಕು ಗಂಟೆಗೆ ಅಪ್ಪ ಟಾರ್ಚ್ ತಗೊಂಡು ಹೋಗಿದ್ದು ಗೊತ್ತಾಯ್ತು, ಐದು ಗಂಟೆಗೆ ಬಂದು ಎಲ್ರನ್ನೂ ಎಬ್ಬಿಸಿದ್ರು. ಪಂಚೆ ಮಂಡಿವರೆಗೂ ಕೆಸರು. "ಸಿಕ್ತು! ಮಲ್ಗಿದ್ದೋನಿಗೆ ದಿಢೀರಂತ ಹೊಳೀತು ಕಣಮ್ಮ, ಬೋರಲ್ಲಿ ಏನೂ ಇಲ್ಲ, ತೊಟ್ಟೀಲಿ ನೀರಿಲ್ಲ, ಮಧ್ಯ ಲೈನಲ್ಲೇ ಹೋಗಿರ್ಬೇಕು ಅಂತ!" ನೆಲದೊಳಗೆ ಹಾಕಿರೋ ಪಿವಿಸಿ ಲೈನು, ಕೆಳಗಿನ ಬದಿನ ಹತ್ರ ಜಾಯಿಂಟ್ ಬಿಟ್ಟಿತ್ತು, ಜನವರೀಲಿ ಟಿಲ್ಲರ್ ಹೊಡ್ಸಿದಾಗ್ಲೇ ಪೆಟ್ಟು ಬಿದ್ದಿರ್ಬೇಕು. ಮೊದ್ಲು ಜಿನುಗ್ತಾ ಇತ್ತು, ಕೆಂದಿಗೆ ಮೇವಾಯ್ತು, ಆಮೇಲೆ ಪೂರ್ತಿ ಬಿಚ್ಕೊಂಡು ನೀರೆಲ್ಲ ಬದು ಪಕ್ಕದಲ್ಲೇ ಹಳ್ಳಕ್ಕೆ ಇಳಿದು ಹೋಗಿದೆ, ಮೋಟರ್ ಓಡೋದು ರಾತ್ರಿ, ಆ ಕತ್ಲಲ್ಲಿ ಅಲ್ಲಿಗೆ ಯಾರು ಹೋಗ್ತಾರೆ. ಒಂದು ಕಾಲರ್, ಒಂದು ಡಬ್ಬಿ ಸಲ್ಯೂಷನ್, ಇನ್ನೂರು ರೂಪಾಯಿ ಒಳಗೆ ಕೆಲ್ಸ ಮುಗೀತು.

ಅಪ್ಪಂಗೆ ಹೊಳೆದಿದ್ದು ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಆಹಾ ಎಂಥಾ ಇನ್‌ಸೈಟ್ ಉದಾಹರಣೆ, ಮುಂದಿನ ಸೆಮ್‌ಗೆ ಕ್ಲಾಸಲ್ಲಿ ಹೇಳ್ಬೇಕು, ಮಲಗಿದಾಗ ಹೊಳೆಯೋದು, ಇನ್‌ಕ್ಯುಬೇಷನ್ನು, ಅಂತೆಲ್ಲ ಲೆಕ್ಕ ಹಾಕ್ಕೊಂಡು ಬಸ್ ಹತ್ತಿದೆ. ಬಸ್ಸು ಕೆ.ಬಿ. ಕ್ರಾಸ್ ದಾಟಿತ್ತು. ಮುಂದಿನ ಸೀಟಲ್ಲಿ ಒಂದು ಮಗು ಅಮ್ಮನ ಚಪ್ಪಲಿ ಎಳೀತಾ ಇತ್ತು. ಆಗ ನೆನಪಾಯ್ತು. ಚಪ್ಪಲಿ. ಹುಲ್ಲು. ಕೆಂದಿ. ಅಮ್ಮ ಎರಡು ಸಲ ಹೇಳಿದ್ರು, ನಾನು ಎರಡು ಸಲಾನೂ ಪಕ್ಕದಲ್ಲೇ ಇದ್ದೆ.

ಇದಕ್ಕೂ ಒಂದು ಪ್ರಯೋಗ ಇದೆ ಅನ್ನೋದೇ ದೊಡ್ಡ ಅವಮಾನ. ನಾರ್ಮನ್ ಮೇಯರ್, 1931. ಒಂದು ರೂಮು, ಸೂರಿಂದ ಎರಡು ಹಗ್ಗ ಇಳಿಬಿಟ್ಟಿದಾರೆ, ಎರಡರ ತುದೀನೂ ಸೇರ್ಸಿ ಗಂಟು ಹಾಕ್ಬೇಕು, ಆದ್ರೆ ಒಂದನ್ನ ಹಿಡ್ಕೊಂಡು ಇನ್ನೊಂದರ ಹತ್ರ ಹೋದ್ರೆ ಕೈಗೆ ಎಟಕಲ್ಲ. ರೂಮಲ್ಲಿ ಇಕ್ಕಳ, ಇನ್ನೂ ಏನೇನೋ ಸಾಮಾನಿದೆ. ಉಪಾಯ ಏನಂದ್ರೆ ಒಂದು ಹಗ್ಗದ ತುದಿಗೆ ಇಕ್ಕಳ ಕಟ್ಟಿ ಉಯ್ಯಾಲೆ ಥರ ತೂಗ್ಬಿಟ್ಟು, ಇನ್ನೊಂದು ಹಗ್ಗ ಹಿಡ್ಕೊಂಡು ಬಂದು ಅದು ಹತ್ರ ತೂಗಿ ಬಂದಾಗ ಹಿಡ್ಕೊಳ್ಳೋದು. ಹೊಳೀದೇ ಒದ್ದಾಡ್ತಿರೋರ ಮುಂದೆ ಮೇಯರ್ ಏನು ಮಾಡ್ತಿದ್ರು ಅಂದ್ರೆ, ಕಿಟಕಿ ಕಡೆ ಹೋಗೋ ನೆಪದಲ್ಲಿ ಹಗ್ಗಕ್ಕೆ ಮೈ ತಾಗಿಸಿ ಅದು ಸ್ವಲ್ಪ ತೂಗೋ ಹಾಗೆ ಮಾಡ್ತಿದ್ರು. ಅದಾಗಿ ಸ್ವಲ್ಪ ಹೊತ್ತಲ್ಲೇ ಸುಮಾರು ಜನಕ್ಕೆ ಉಪಾಯ ಹೊಳೀತಿತ್ತು. ಹೇಗೆ ಹೊಳೀತು ಅಂತ ಕೇಳಿದ್ರೆ ಹಗ್ಗ ತೂಗಿದ್ದನ್ನ ನೋಡ್ದೆ ಅಂತ ಹೇಳಿದೋರು ಬಹಳ ಕಮ್ಮಿ. ಸುಮ್ನೆ ಹೊಳೀತು, ಇದೊಂದೇ ಉಳಿದಿತ್ತು, ಅಂತ ಏನೇನೋ. ಒಬ್ರಂತೂ, ಕೋತಿಗಳು ಮರದಿಂದ ಜೋತಾಡ್ಕೊಂಡು ನದಿ ದಾಟೋದು ಕಣ್ಮುಂದೆ ಬಂತು, ಅದ್ರಿಂದ ಹೊಳೀತು ಅಂತ ಚೆನ್ನಾಗಿ ವರ್ಣಿಸಿದ್ರು. ಅವ್ರು ಯಾರು ಗೊತ್ತಾ, ಸೈಕಾಲಜಿ ಪ್ರೊಫೆಸರು.

ಪ್ರತಿ ವರ್ಷ ಕೋತಿ ವಿಷ್ಯ ಬಂದಾಗ ಕ್ಲಾಸೆಲ್ಲ ನಗುತ್ತೆ, ನಾನೂ ನಗ್ತಿದ್ದೆ.

ಅಪ್ಪ ಸುಳ್ಳು ಹೇಳ್ತಿಲ್ಲ, ಅದು ನಂಗೆ ಖಂಡಿತ ಗೊತ್ತು. ಆ ಚಪ್ಪಲಿ ಮಾತು ಕಿವೀಲಿ ಇಳ್ದು ರಾತ್ರಿಯೆಲ್ಲ ಒಳಗೆಲ್ಲೋ ಕೆಲ್ಸ ಮಾಡಿ ನಾಲ್ಕು ಗಂಟೆಗೆ ಎದ್ದು ಬಂತು, ಬಂದಾಗ ಅದಕ್ಕೆ ಅಮ್ಮನ ದನಿ ಇರ್ಲಿಲ್ಲ, ಅಪ್ಪನ ದನೀನೇ ಇತ್ತು. ಹಾಗಂತ ಅಮ್ಮ ಕಂಡುಹಿಡಿದಿದ್ರು ಅಂತಾನೂ ನಾನು ಹೇಳಲ್ಲ. ಫೋನ್ ಮಾಡಿ ಕೇಳ್ದೆ, "ನಿಂಗೆ ಗೊತ್ತಿತ್ತೇನಮ್ಮ ಪೈಪ್ ಒಡೆದಿರೋದು?" ಅಂತ. "ನಂಗೇನ್ ಗೊತ್ತು, ನಾನು ಹುಲ್ಲಿನ ವಿಷ್ಯ ಹೇಳ್ದೆ ಅಷ್ಟೇ" ಅಂದ್ರು. ಅದೇ ನಿಜ. ಅವ್ರಿಗೆ ಬೋರಿನ ಹಳೇ ಎರಡು ಕಾಯಿಲೆ ತಲೇಲಿರ್ಲಿಲ್ಲ, ಲೇಟಾಗಿ ಬಂದ ಹುಡುಗಿ ಥರ. ಹಸು ಎಲ್ಲಿ ನಿಲ್ಲುತ್ತೆ, ಕಾಲು ಎಲ್ಲಿ ಹೂತ್ಕೊಳುತ್ತೆ, ಕಂಡಿದ್ದನ್ನ ಹೇಳಿದ್ರು. ನಾವು ಮೂರು ಜನ ಪಂಡಿತರು ಕಬ್ಬಿಣದ ಪೈಪಲ್ಲಿ ತೂತು ಹುಡುಕ್ತಾ ಇದ್ವಿ, ಹುಲ್ಲು ಅನ್ನೋದು ಹಸುವಿನ ಖಾತೆ ವಿಷ್ಯ ಅಂತ ಆ ಕಡೆ ಇಟ್ಟುಬಿಟ್ಟಿದ್ವಿ. ಹೆಂಗಸರ ಮಾತು ಅಂತ ಕೇಳ್ಲಿಲ್ವಾ ಅಂದ್ರೆ ಅದೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನಾನೂ ಹೆಂಗಸೇ, ನಾನೂ ಕೇಳ್ಲಿಲ್ವಲ್ಲ.

ಈಗ ಈ ಕಥೆ ಬರೆಯೋಕೆ ಕಾರಣ ಮೊನ್ನೆ ಭಾನುವಾರ. ಊರಲ್ಲಿದ್ದೆ. ಬೆಳಗ್ಗೆ ಎದ್ರೆ ಮನೇಲಿ ಅಪ್ಪ ಇಲ್ಲ, ತೊಟ್ಟೀಲಿ ನೀರಿಲ್ಲ. ಕಾಫಿ ತಗೊಂಡು ತೋಟಕ್ಕೆ ಹೋದೆ. ಅಪ್ಪ ಗುದ್ದಲಿ ಹಿಡ್ಕೊಂಡು ಲೈನ್ ಉದ್ದಕ್ಕೂ ಬಗ್ಗಿ ಬಗ್ಗಿ ನೆಲ ಮುಟ್ಟಿ ನೋಡ್ಕೊಂಡು ಬರ್ತಿದ್ರು, ಹಸಿ ಎಲ್ಲಾದ್ರೂ ಇದ್ಯಾ ಅಂತ. ಆಗ್ಲೇ ಎರಡು ಕಡೆ ಮಂಡಿ ಆಳಕ್ಕೆ ಗುಂಡಿ ತೋಡಾಗಿತ್ತು, ಎರಡು ಕಡೇನೂ ಪೈಪ್ ಗಟ್ಟಿಯಾಗಿ ಒಣಕ್ಕೊಂಡು ಕೂತಿತ್ತು. "ಈ ಸಲ ಎಲ್ಲೋ ಸಣ್ಣದಾಗಿ ಬಿಟ್ಟೈತೆ, ಮೇಲೆ ಕಾಣ್ತಿಲ್ಲ ಕಣಮ್ಮ, ಆ ಮಾವಿನ ಮರದ ಹತ್ರ ತೆಗೀಬೇಕು" ಅಂದ್ರು. ನಾನು ಲೋಟ ಬದು ಮೇಲಿಟ್ಟು ಮಾವಿನ ಮರದ ಕಡೆ ನಡೆದೆ, ಅಲ್ಲಿ ಹುಲ್ಲು ಸ್ವಲ್ಪ ಹಸ್ರಾಗಿದೆ ಅಂತಾನೂ ನಂಗೆ ಅನ್ನಿಸ್ತು.

ಅಷ್ಟೊತ್ತಿಗೆ ಅಮ್ಮ ಕೆಂದೀನ ಹೊಡ್ಕೊಂಡು ಆ ಕಡೆಯಿಂದ ಬಂದ್ರು. ಗುಂಡಿ ನೋಡಿದ್ರು, ಗುದ್ದಲಿ ನೋಡಿದ್ರು.

"ರಾತ್ರಿಯೆಲ್ಲ ತ್ರೀ ಫೇಸೇ ಬಂದಿಲ್ವಲ್ಲ, ಟ್ರಾನ್ಸ್‌ಫಾರ್ಮರ್ ಹತ್ರ ಫ್ಯೂಸ್ ಹೋಗೈತಂತೆ. ಇದೇನು ತೆಗೀತಾ ಇದೀರ?"